ಸಣ್ಣ ಹಾಯಿದೋಣಿಗೆ ಪೋರ್ಟಬಲ್ ಎಸಿ: ಟನ್ನು ಕೇಳುವ ಮೊದಲು ಕಿಂಡಿ ಅಳೆಯಿರಿ

ವಿಷು ಕಳೆದ ಮೇಲೆ ಮೇ ಕೊನೆಯ ಪತ್ತನಾಜೆಯವರೆಗಿನ ಐದಾರು ವಾರ ದೋಣಿಯ ಕ್ಯಾಬಿನ್ನಿನಲ್ಲಿ ನಿದ್ದೆ ಹತ್ತುವುದಿಲ್ಲ. ಹಗಲಿಡೀ ಬೀಸಿದ ಪಡುಗಾಳಿ ಸಂಜೆಗೆ ಇಳಿಯುತ್ತದೆ. ನೆಲದ ಕಡೆಯ ಗಾಳಿ ಏಳಲು ರಾತ್ರಿ ಬಹಳ ಹೊತ್ತಾಗಬೇಕು. ನಡುವಿನ ಮೂರು ನಾಲ್ಕು ಗಂಟೆ ಉತ್ತರ ಕೇರಳದ ಕವ್ವಾಯಿ ಹಿನ್ನೀರಿನಲ್ಲೂ ಚಂದ್ರಗಿರಿ ಅಳಿವೆಯ ಒಳಗೂ ತೆಂಗಿನ ಗರಿ ಅಲುಗುವುದಿಲ್ಲ, ಬರೀ ಸೆಕೆ. ನೀಲೇಶ್ವರದ ಕೋಟ್ಟಪ್ಪುರಂ ಜೆಟ್ಟಿಯಿಂದ ಹೊರಡುವ ಹೌಸ್‌ಬೋಟುಗಳಿಗೆ ಕೋಣೆಯಿದೆ, ಗೋಡೆಯಿದೆ, ಜನರೇಟರಿಗೆ ಜಾಗವಿದೆ. 24ರಿಂದ 28 ಅಡಿಯ ಹಾಯಿದೋಣಿಗೆ ಅವು ಯಾವುವೂ ಇಲ್ಲ. ಹಾಗಾಗಿ ಎತ್ತಿಟ್ಟು, ಬೇಡವಾದಾಗ ಮನೆಗೆ ಒಯ್ಯಬಹುದಾದ ಪೋರ್ಟಬಲ್ ಎಸಿಯ ಕಡೆಗೆ ಮನಸ್ಸು ಹೋಗುತ್ತದೆ.

ಅಂಗಡಿಯವರು ಮೊದಲು ಕೇಳುವುದು ಎಷ್ಟು ಟನ್ ಎಂದು. ದೋಣಿಗೆ ಅದು ಕೊನೆಯ ಪ್ರಶ್ನೆ. ಯಂತ್ರದ ಬಿಸಿಗಾಳಿ ಯಾವ ಕಿಂಡಿಯಿಂದ ಹೊರಗೆ ಹೋಗುತ್ತದೆ, ಅದರ ಬದಲಿಗೆ ಒಳಗೆ ಬರುವ ಗಾಳಿ ಎಲ್ಲಿಯದು, ಹಿಂಡಿದ ನೀರು ಎಲ್ಲಿಗೆ ಇಳಿಯುತ್ತದೆ, ಕರೆಂಟು ಎಲ್ಲಿಂದ ಬರುತ್ತದೆ: ಈ ನಾಲ್ಕನ್ನು ದೋಣಿಯಲ್ಲಿ ಕುಳಿತು ಅಳತೆ ಟೇಪು ಹಿಡಿದು ತೀರ್ಮಾನಿಸಿದರೆ ಟನ್ನು ತಾನಾಗಿ ಗೊತ್ತಾಗುತ್ತದೆ.

ಅದಕ್ಕೂ ಮೊದಲು ಒಂದು ಎಚ್ಚರಿಕೆ. ಆನ್‌ಲೈನಿನಲ್ಲಿ ಒಂದೆರಡು ಸಾವಿರಕ್ಕೆ ‘ಮಿನಿ ಎಸಿ’ ಎಂದು ಮಾರುವ ಪೆಟ್ಟಿಗೆಗಳಲ್ಲಿ ನೀರು ತುಂಬುವ ತೊಟ್ಟಿ ಇದ್ದರೆ ಅದು ಎಸಿಯಲ್ಲ, ಕೂಲರ್. ಕಲಬುರಗಿಯ ಒಣಹವೆಗೆ ಕೂಲರ್ ಒಳ್ಳೆಯದು. ನಮ್ಮ ಕರಾವಳಿಯಲ್ಲಿ 33 ಡಿಗ್ರಿ ಬಿಸಿ, ಶೇ 70 ತೇವಾಂಶ ಇರುವಾಗ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರು ಸುಮಾರು 28 ಡಿಗ್ರಿಯಲ್ಲಿ ನಿಂತುಬಿಡುತ್ತದೆ. ಎಂಥ ಕೂಲರಿಗೂ ಅದೇ ಗಡಿ. ಕ್ಯಾಬಿನ್ನಿನೊಳಗೆ ಅದು ಮಾಡುವುದು ಗಾಳಿಗೆ ಇನ್ನಷ್ಟು ನೀರು ಸೇರಿಸಿ ಹಾಸಿಗೆ ಒದ್ದೆ ಮಾಡುವ ಕೆಲಸ. ನಮಗೆ ಬೇಕಾದ್ದು ಅದರ ತದ್ವಿರುದ್ಧ: ಗಾಳಿಯಿಂದ ನೀರು ಹಿಂಡುವ ಯಂತ್ರ. ಇಲ್ಲಿ ಸೆಕೆಗೆ ಬಿಸಿಗಿಂತ ತೇವ ಹೆಚ್ಚು ಕಾರಣ. 27 ಡಿಗ್ರಿಯ ಒಣಗಾಳಿಯಲ್ಲಿ ಮಲಗಿದವರಿಗೆ ನಿದ್ದೆ ಬರುತ್ತದೆ, 25 ಡಿಗ್ರಿಯ ಜಿಡ್ಡುಗಾಳಿಯಲ್ಲಿ ಬರುವುದಿಲ್ಲ.

ಒಂದು ಕೊಳವೆಯೋ, ಎರಡೋ

ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು 1 ಟನ್ನಿನ, ಒಂದೇ ಕೊಳವೆಯ ಯಂತ್ರ. 1 ಟನ್ ಎಂದರೆ ಗಂಟೆಗೆ 12,000 ಬಿಟಿಯು (ಶಾಖದ ಅಳತೆ), ಅಂದರೆ ಸುಮಾರು 3.5 ಕಿಲೋವ್ಯಾಟ್ ಶಾಖವನ್ನು ಹೊರಹಾಕುವ ಶಕ್ತಿ. ಕಾಗದದಲ್ಲಿ ಇದು ಸಣ್ಣ ದೋಣಿಗೆ ಹೆಚ್ಚೇ ಆಯಿತು ಎನಿಸುತ್ತದೆ. ಮೋಸ ಇರುವುದು ಕೊಳವೆಯಲ್ಲಿ.

ಒಂದು ಕೊಳವೆಯ ಯಂತ್ರ ತನ್ನ ಕಂಡೆನ್ಸರನ್ನು (ಶಾಖ ಹೊರಬಿಡುವ ಸುರುಳಿ) ತಂಪು ಮಾಡಲು ಕ್ಯಾಬಿನ್ನಿನ ಗಾಳಿಯನ್ನೇ ಎಳೆದು ಹೊರಗೆ ಊದುತ್ತದೆ, ಗಂಟೆಗೆ 300 ಘನಮೀಟರಿನ ಆಸುಪಾಸು. 26 ಅಡಿ ದೋಣಿಯ ಕ್ಯಾಬಿನ್ನಿನಲ್ಲಿರುವ ಒಟ್ಟು ಗಾಳಿ ಹೆಚ್ಚೆಂದರೆ 12 ಘನಮೀಟರು. ಅಂದರೆ ನೀವು ತಂಪು ಮಾಡಿದ ಗಾಳಿಯಷ್ಟೂ ಗಂಟೆಗೆ 25 ಸಲ ಹೊರಗೆ ಹೋಗುತ್ತದೆ, ಅಷ್ಟೇ ಹೊರಗಾಳಿ ಪ್ರತಿಯೊಂದು ಸಂದಿಯಿಂದ ಒಳಗೆ ನುಗ್ಗುತ್ತದೆ. ಹೊರಗೆ 28 ಡಿಗ್ರಿ, ಶೇ 80 ತೇವ ಇರುವ ರಾತ್ರಿ ಆ ಗಾಳಿಯನ್ನು 26 ಡಿಗ್ರಿ, ಶೇ 55ಕ್ಕೆ ಇಳಿಸಲು ಸುಮಾರು 2 ಕಿಲೋವ್ಯಾಟ್ ಬೇಕು. 12,000 ಬಿಟಿಯುವಿನಲ್ಲಿ 7,000 ಇದಕ್ಕೇ ಹೋಯಿತು. ಉಳಿದ 5,000 ಮಾತ್ರ ದೋಣಿಗೆ ಮತ್ತು ಒಳಗಿರುವ ಜನರಿಗೆ. ಒಣಸೀಮೆಯಲ್ಲಿ ಇದೇ ಯಂತ್ರ ಇಷ್ಟು ಸೋಲುವುದಿಲ್ಲ, ಅಲ್ಲಿ ನುಗ್ಗುವ ಗಾಳಿಯಲ್ಲಿ ನೀರು ಕಡಿಮೆ.

ಇನ್ನೊಂದು ಕೆಡುಕು ದೋಣಿಗೇ ವಿಶೇಷ. ಗಾಳಿ ಹೊರಗೆ ಹೋದಾಗ ಕ್ಯಾಬಿನ್ನಿನಲ್ಲಿ ಒತ್ತಡ ತಗ್ಗುತ್ತದೆ, ಎಸಿ ಸಂದುಸಂದಿನಿಂದ ಗಾಳಿ ಹೀರುತ್ತದೆ. ಬಿಲ್ಜಿನ (ದೋಣಿಯ ತಳದಲ್ಲಿ ನೀರು ನಿಲ್ಲುವ ಜಾಗ) ಹಳಸಲು ವಾಸನೆ, ಡೀಸೆಲ್ ವಾಸನೆ, ಶೌಚದ ತೊಟ್ಟಿಯ ವಾಸನೆ ಎಲ್ಲವೂ ದಿಂಬಿನ ಬಳಿಗೆ ಬರುತ್ತವೆ. ಹೊರಗೆ ಜನರೇಟರ್ ಓಡುತ್ತಿದ್ದರೆ ಅದರ ಹೊಗೆಯೂ ಬರುತ್ತದೆ. ಇದರಿಂದ ಪ್ರಾಣವೇ ಹೋಗಬಹುದು, ಮುಂದೆ ನೋಡೋಣ.

ಎರಡು ಕೊಳವೆಯ ಯಂತ್ರದಲ್ಲಿ ಕಂಡೆನ್ಸರಿನ ಗಾಳಿ ಹೊರಗಿನಿಂದಲೇ ಬಂದು ಹೊರಗೇ ಹೋಗುತ್ತದೆ, ಕ್ಯಾಬಿನ್ನಿನ ಗಾಳಿ ಒಳಗೇ ಸುತ್ತುತ್ತದೆ. ಆದ್ದರಿಂದ ಆಯ್ಕೆ ಸಿಕ್ಕಿದರೆ 12,000ದ ಒಂದು ಕೊಳವೆಗಿಂತ 6,000 ಬಿಟಿಯುವಿನ ಎರಡು ಕೊಳವೆಯದನ್ನೇ ಕೊಳ್ಳಿ. ಈ ತೀರ್ಮಾನದಲ್ಲಿ ನಮಗೆ ಅನುಮಾನವಿಲ್ಲ. ಬ್ಯಾಟರಿಯಿಂದ ನಡೆಯುವ, ಕ್ಯಾಂಪಿಂಗಿಗೆಂದು ಮಾಡಿದ ಸಣ್ಣ ಯಂತ್ರಗಳಲ್ಲಿ ಎರಡು ಕೊಳವೆ ಕೂಡಿಸಬಹುದಾದವು ಇವೆ. ಅವು ಸುಮಾರು 2,300ರಿಂದ 5,000 ಬಿಟಿಯು.

ಮನೆಯಲ್ಲಿ ಈಗಾಗಲೇ ಒಂದು ಕೊಳವೆಯದಿದ್ದರೆ ಅದನ್ನು ಸುಧಾರಿಸಬಹುದು. ಹಿಂಬದಿಯಲ್ಲಿ ಗಾಳಿ ಎಳೆಯುವ ಜಾಲರಿಗಳು ಸಾಮಾನ್ಯವಾಗಿ ಎರಡು ಇರುತ್ತವೆ: ಮೇಲಿನದು ಕೋಣೆ ತಂಪು ಮಾಡುವುದಕ್ಕೆ, ಕೆಳಗಿನದು ಕಂಡೆನ್ಸರಿಗೆ. ಯಂತ್ರ ಓಡುವಾಗ ತೆಳು ಕಾಗದ ಹಿಡಿದು ಎರಡೂ ಎಳೆಯುವುದನ್ನು ನೋಡಿಕೊಳ್ಳಿ. ಕೆಳಗಿನ ಜಾಲರಿಗೆ ಮಾತ್ರ ಫೋಮ್ ಶೀಟಿನ ಪೆಟ್ಟಿಗೆ ಮಾಡಿ, ಅಲ್ಯೂಮಿನಿಯಂ ಟೇಪಿನಿಂದ ಅಂಟಿಸಿ, ಅದಕ್ಕೆ 150 ಮಿಮೀ ಕೊಳವೆ ಸೇರಿಸಿ. ಈ ಕೊಳವೆ ಬಿಸಿಗಾಳಿಯ ಕೊಳವೆಗಿಂತ ಕಿರಿದಾದರೆ ಕಂಡೆನ್ಸರ್ ಉಸಿರುಕಟ್ಟಿ, ಕಂಪ್ರೆಸರ್ ಬಿಸಿಯೇರಿ ಪದೇಪದೇ ನಿಲ್ಲುತ್ತದೆ. ಎರಡು ಕೆಲಸಕ್ಕೂ ಒಂದೇ ಜಾಲರಿ ಇರುವ ಮಾದರಿಗಳೂ ಇವೆ, ಅವುಗಳಲ್ಲಿ ಈ ಉಪಾಯ ನಡೆಯದು. ಹೀಗೆ ಬದಲಾಯಿಸಿದರೆ ವಾರಂಟಿ ಕೈಬಿಟ್ಟಂತೆ ಎಂಬುದೂ ತಿಳಿದಿರಲಿ.

ಎಷ್ಟು ಬಿಟಿಯು

ದೋಣಿ ಎಸಿಯವರು ಬಳಸುವ ಅಂದಾಜು ಲೆಕ್ಕ ಹೀಗಿದೆ: ಡೆಕ್ಕಿನ ಕೆಳಗಿನ ಮಲಗುವ ಜಾಗಕ್ಕೆ ಚದರಡಿಗೆ 60 ಬಿಟಿಯು, ಕಿಟಕಿಯಿರುವ ನಡುಭಾಗಕ್ಕೆ 90, ಪೂರ್ತಿ ಬಿಸಿಲಿಗೆ ಒಡ್ಡಿದ ಮೇಲುಕೋಣೆಗೆ 120. ನಮ್ಮ ಕಡೆಗೆ ಇದರ ಮೇಲೆ ಕಾಲುಭಾಗ ಸೇರಿಸುವುದು ಒಳಿತು. 12 ಅಡಿ ಉದ್ದ, ಸರಾಸರಿ 6 ಅಡಿ ಅಗಲದ ಕ್ಯಾಬಿನ್ ಎಂದರೆ 72 ಚದರಡಿ. ಮೂತಿಯ ಹಾಸಿಗೆಗೆ 60, ಉಳಿದದ್ದಕ್ಕೆ 90 ಹಿಡಿದು ಸರಾಸರಿ 75 ಇಟ್ಟರೆ 5,400. ಕಾಲುಭಾಗ ಸೇರಿಸಿದರೆ 6,750. ಇದು ಹಗಲಿನ ಲೆಕ್ಕ. ರಾತ್ರಿ ಮಾತ್ರ ಸಾಕು ಎಂದರೆ 4,500ರಿಂದ 5,000ದಲ್ಲಿ ನಡೆಯುತ್ತದೆ.

ಇನ್ನೂ ಕಡಿಮೆಯಲ್ಲಿ ಮುಗಿಸಬೇಕೆಂದರೆ ದೋಣಿಯನ್ನು ಚಿಕ್ಕದು ಮಾಡಿ. ಮೂತಿಯ ಹಾಸಿಗೆಯ ಬಾಗಿಲಿಗೆ ದಪ್ಪ ಪರದೆ ಕಟ್ಟಿ ಆ 25 ಚದರಡಿಗೆ ಮಾತ್ರ ತಂಪು ಬಿಟ್ಟರೆ 2,300 ಬಿಟಿಯುವಿನ ಪುಟ್ಟ ಯಂತ್ರವೂ ಒಬ್ಬರಿಬ್ಬರಿಗೆ ಸಾಕಾಗುತ್ತದೆ. ಇಡೀ ಕ್ಯಾಬಿನ್ನಿಗೆ ಅದನ್ನೇ ಹಚ್ಚಿದರೆ ಫ್ಯಾನಿಗಿಂತ ಹೆಚ್ಚಿನ ಪ್ರಯೋಜನವಿಲ್ಲ.

ಡಬ್ಬದ ಮೇಲಿನ ಸಂಖ್ಯೆಯ ಬಗ್ಗೆಯೂ ಹೇಳಬೇಕು. ಅಮೆರಿಕದಲ್ಲಿ 2017ರಿಂದ ಪೋರ್ಟಬಲ್ ಎಸಿಗೆ ಕೊಳವೆಯ ನಷ್ಟವನ್ನು ಕಳೆದ ಎರಡನೇ ಅಂಕಿಯೊಂದು ಬಂದಿದೆ, ಎಸ್‌ಎಸಿಸಿ ಎಂದು ಬರೆದಿರುತ್ತದೆ. ಹಳೆಯ ಲೆಕ್ಕದ 14,000 ಬಿಟಿಯು ಅದರಲ್ಲಿ ಸುಮಾರು 10,000ಕ್ಕೆ ಇಳಿಯುತ್ತದೆ. ಎರಡೂ ಅಂಕಿ ಇದ್ದರೆ ಚಿಕ್ಕದನ್ನು ನಂಬಿ. ಆದರೆ ಗಲ್ಫಿನಿಂದಲೋ ಅಮೆರಿಕದಿಂದಲೋ ಯಾರಾದರೂ ತಂದುಕೊಡುತ್ತಾರೆಂದರೆ ಮೊದಲು ಯಂತ್ರದ ಮೇಲಿನ ವಿವರದ ಪ್ಲೇಟ್ ಓದಿ: 115 ವೋಲ್ಟ್, 60 ಹರ್ಟ್ಸ್ ಎಂದಿದ್ದರೆ ನಮ್ಮ 230 ವೋಲ್ಟ್, 50 ಹರ್ಟ್ಸಿಗೆ ಅದು ಬೇಡ.

ದೊಡ್ಡದು ಕೊಂಡರೆ ತಪ್ಪೇನು? ಚೆನ್ನಾಗಿ ಮುಚ್ಚಿದ ಸಣ್ಣ ಕ್ಯಾಬಿನ್ನನ್ನು ದೊಡ್ಡ ಯಂತ್ರ ಐದು ನಿಮಿಷದಲ್ಲಿ ತಂಪು ಮಾಡಿ ಕಂಪ್ರೆಸರ್ ನಿಲ್ಲಿಸುತ್ತದೆ. ಫ್ಯಾನು ಓಡುತ್ತಲೇ ಇದ್ದರೆ ಒಳಗಿನ ತಂಪು ಸುರುಳಿಯ ಮೇಲೆ ನಿಂತ ನೀರು ಮತ್ತೆ ಗಾಳಿಗೆ ಸೇರುತ್ತದೆ. ತಂಪಾಯಿತು, ಒಣಗಲಿಲ್ಲ. ಚಿಕ್ಕ ಯಂತ್ರ ಬಿಡದೆ ಓಡಿದಷ್ಟೂ ನೀರು ಹಿಂಡುತ್ತದೆ.

ಕರೆಂಟು

ದಂಡೆಯ ತೋಟದ ಮನೆಯಿಂದ ಲೈನ್ ಎಳೆಯುವವರೇ ಹೆಚ್ಚು. 1 ಟನ್ನಿನ ಯಂತ್ರ 1,200 ವ್ಯಾಟಿನ ಆಸುಪಾಸು, ಓಡುವಾಗ 6 ಆಂಪಿಯರ್ ಎಳೆಯುತ್ತದೆ. ಕಂಪ್ರೆಸರ್ ಶುರುವಾಗುವ ಕ್ಷಣ 20ರಿಂದ 25. ಸಾಮಾನ್ಯ 0.75 ಚದರ ಮಿಮೀ ಎಕ್ಸ್‌ಟೆನ್ಶನ್ ವಯರು 30 ಮೀಟರ್ ಇದ್ದರೆ ಹೋಗಿಬರುವ ದಾರಿಯ ರೋಧ ಸುಮಾರು 1.5 ಓಮ್. 25 ಆಂಪಿಯರಿಗೆ 40 ವೋಲ್ಟ್ ಹತ್ತಿರ ಅಲ್ಲೇ ಬೀಳುತ್ತದೆ. ಸಂಜೆ ಲೈನಿನಲ್ಲೇ 205 ಇದ್ದರೆ ಯಂತ್ರಕ್ಕೆ ಸಿಗುವುದು 165. ಕಂಪ್ರೆಸರ್ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ, ವೈಂಡಿಂಗ್ ಬಿಸಿಯಾಗುತ್ತದೆ. ‘ಎಸಿ ಕೆಟ್ಟಿದೆ’ ಎಂದು ಮೆಕ್ಯಾನಿಕ್ಕನ್ನು ಕರೆಯುವ ಮೊದಲು ವಯರು ನೋಡಿ. 2.5 ಚದರ ಮಿಮೀ, ಮೂರು ಎಳೆಯ ರಬ್ಬರು ಹೊದಿಕೆಯ ತಾಮ್ರದ ಕೇಬಲ್ ಹಾಕಿದರೆ ಅದೇ ಬೀಳುವಿಕೆ 12 ವೋಲ್ಟಿಗೆ ಇಳಿಯುತ್ತದೆ. ಕೇಬಲ್ಲಿನ ಬುಡದಲ್ಲಿ, ದಂಡೆಯಲ್ಲೇ, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಕಡಿಯುವ ಸ್ವಿಚ್ಚು) ಮತ್ತು ಸರಿಯಾದ ಅರ್ಥಿಂಗ್ ಇರಲೇಬೇಕು. ಕೂಡುವ ಪ್ಲಗ್ಗು ನೀರಿನ ಮೇಲೆ ತೂಗಾಡಬಾರದು. ಭರತದಲ್ಲಿ ದೋಣಿ ಏರುವಾಗ, ಇಳಿತದಲ್ಲಿ ಇಳಿಯುವಾಗ ಕೇಬಲ್ ಬಿಗಿಯಾಗದಂತೆ ಸಡಿಲ ಬಿಟ್ಟು ಕಟ್ಟಿ. ತಿಂಗಳುಗಟ್ಟಲೆ ಕಟ್ಟೇ ಇರುವ ದೋಣಿಯಾದರೆ ದಂಡೆಯ ಅರ್ಥ್ ಮೂಲಕ ಹರಿಯುವ ಸಣ್ಣ ಕರೆಂಟಿನಿಂದ ಸತುವಿನ ಆನೋಡು (ದೋಣಿಯ ಲೋಹ ಸವೆಯದಂತೆ ಹಚ್ಚಿದ ತುಂಡು) ಬೇಗ ಸವೆಯುತ್ತದೆ. ಅದನ್ನು ತಡೆಯುವ ಗ್ಯಾಲ್ವಾನಿಕ್ ಐಸೊಲೇಟರ್ ಹಾಕಿಸಿ.

ಲಂಗರಿನಲ್ಲಿ ನಿಂತಾಗ ಲೆಕ್ಕ ಕಠಿಣ. 500 ವ್ಯಾಟಿನ ಸಣ್ಣ ಎಸಿ, ಇನ್ವರ್ಟರ್ ನಷ್ಟ ಸೇರಿ 550. ಅದು 12 ವೋಲ್ಟಿನ ಬ್ಯಾಟರಿಯಿಂದ 43 ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್-ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿರುವುದು 1,280 ವ್ಯಾಟ್-ಅವರ್, ಎರಡು ಗಂಟೆಗೆ ಮುಗಿಯಿತು. ಅದೇ ಅಳತೆಯ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ ಅದರಲ್ಲಿ ಒಂದು ಗಂಟೆ. ವೇಗ ಬದಲಿಸುವ ಇನ್ವರ್ಟರ್ ಕಂಪ್ರೆಸರ್ ಇದ್ದರೆ ಕ್ಯಾಬಿನ್ ತಂಪಾದ ಮೇಲೆ ಎಳೆತ ಇಳಿದು ಸರಾಸರಿ 350 ವ್ಯಾಟ್ ಆಗುತ್ತದೆ ಎಂದಿಟ್ಟುಕೊಳ್ಳಿ. ಎಂಟರಿಂದ ಹನ್ನೆರಡರವರೆಗಿನ ಗಾಳಿಯಿಲ್ಲದ ಹೊತ್ತಿಗೆ 1,400 ವ್ಯಾಟ್-ಅವರ್, ಅಂದರೆ ಅಂಥ ಎರಡು ಲಿಥಿಯಂ ಬ್ಯಾಟರಿ. ಅದನ್ನು ಮರುದಿನ ತುಂಬಿಸಲು 100 ವ್ಯಾಟಿನ ಸೋಲಾರ್ ಹಲಗೆ ನಾಲ್ಕು ಬೇಕು. ಒಂದೊಂದರಿಂದ ಬೇಸಿಗೆಯಲ್ಲಿ ದಿನಕ್ಕೆ 400 ವ್ಯಾಟ್-ಅವರ್ ಸಿಕ್ಕರೆ ಹೆಚ್ಚು. ಇಡೀ ರಾತ್ರಿ ಬ್ಯಾಟರಿಯಲ್ಲಿ ಓಡಿಸುವ ಆಸೆ ಈ ಅಳತೆಯ ದೋಣಿಗೆ ಸಲ್ಲದು. ನಡುರಾತ್ರಿ ಗಾಳಿ ಎದ್ದಾಗ ಹ್ಯಾಚ್ (ಡೆಕ್ಕಿನ ಮುಚ್ಚಳ) ತೆರೆದು 12 ವೋಲ್ಟಿನ ಫ್ಯಾನಿಗೆ ಬದಲಾಯಿಸಿ. ಬ್ಯಾಟರಿಯಿಂದ ಇನ್ವರ್ಟರಿಗೆ 16 ಚದರ ಮಿಮೀ ಕೇಬಲ್, ಧನ ತುದಿಯಿಂದ ಗೇಣಿಗಿಂತ ಕಡಿಮೆ ದೂರದಲ್ಲಿ 60 ಆಂಪಿಯರ್ ಫ್ಯೂಸ್.

ಪೆಟ್ರೋಲ್ ಜನರೇಟರನ್ನು ಕಾಕ್‌ಪಿಟ್ಟಿನಲ್ಲಿ (ಹಿಂಬದಿಯ ತೆರೆದ ಕೂರುವ ಜಾಗ) ಇಟ್ಟು ಎಸಿ ಓಡಿಸಿ ಒಳಗೆ ಮಲಗಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಒಂದು ಕೊಳವೆಯ ಎಸಿ ಆ ಹೊಗೆಯನ್ನು ತಾನಾಗಿ ಒಳಗೆ ಎಳೆದುಕೊಳ್ಳುತ್ತದೆ. ನಿಮ್ಮಲ್ಲಿ ಜನರೇಟರ್ ಇಲ್ಲದಿದ್ದರೂ ಪಕ್ಕದ ದೋಣಿಯಲ್ಲಿರಬಹುದು. ಬ್ಯಾಟರಿಯಿಂದ ನಡೆಯುವ ಮೊನಾಕ್ಸೈಡ್ ಅಲಾರಂ ಒಂದನ್ನು ದಿಂಬಿನ ಮಟ್ಟದಲ್ಲಿ ಹಚ್ಚದೆ ಎಸಿ ಹಾಕಬಾರದು.

ಒಳಗಿನ ಅನಿಲ

ತಂಪು ಮಾಡಲು ಯಂತ್ರದೊಳಗೆ ಸುತ್ತುವ ಅನಿಲದ ಹೆಸರು ಪ್ಲೇಟಿನಲ್ಲಿ ಆರ್-290 ಎಂದಿದ್ದರೆ ಅದು ಪ್ರೊಪೇನ್, ಅಡುಗೆ ಗ್ಯಾಸಿನ ಬಂಧು. ಗಾಳಿಗಿಂತ ಭಾರ, ಸೋರಿದರೆ ಬಿಲ್ಜಿಗೆ ಇಳಿಯುತ್ತದೆ. ಯಂತ್ರದಲ್ಲಿ 150 ಗ್ರಾಂ ಇದ್ದು, 12 ಘನಮೀಟರಿನಲ್ಲಿ ಸಮನಾಗಿ ಹರಡಿದರೆ ಘನಮೀಟರಿಗೆ 12.5 ಗ್ರಾಂ; ಬೆಂಕಿ ಹತ್ತಲು ಸುಮಾರು 38 ಗ್ರಾಂ ಬೇಕು. ಆದರೆ ಅದು ಸಮನಾಗಿ ಹರಡುವುದಿಲ್ಲ, ಬಿಲ್ಜಿನ ಒಂದು ಘನಮೀಟರಿನಲ್ಲೇ ಮಡುಗಟ್ಟಬಹುದು. ಅಲ್ಲೇ ಪಂಪಿನ ಸ್ವಿಚ್ಚಿನ ಕಿಡಿಯಿದೆ. ಆದ್ದರಿಂದ ಆರ್-290ರ ಯಂತ್ರವನ್ನು ಕಾಕ್‌ಪಿಟ್ಟಿನಲ್ಲಿಟ್ಟು, ತಂಪುಗಾಳಿ ಹೋಗಲು ಒಂದು, ಮರಳಿ ಬರಲು ಒಂದು ಕೊಳವೆ ಎಳೆಯುವುದು ಲೇಸು. ಆರ್-32 ಮೆಲ್ಲಗೆ ಉರಿಯುವಂಥದ್ದು, ಆರ್-410ಎ ಉರಿಯದು.

ಕೊಳ್ಳುವ ಮೊದಲು ಟೇಪು

1 ಟನ್ನಿನ ಯಂತ್ರ 28ರಿಂದ 35 ಕಿಲೋ, ಎತ್ತರ 70ರಿಂದ 80 ಸೆಂಮೀ. ಕ್ಯಾಬಿನ್ನಿಗೆ ಇಳಿಯುವ ಕಿಂಡಿಯ ಅಗಲ, ಮೆಟ್ಟಿಲ ಬುಡದ ಸಮತಟ್ಟು ಜಾಗ, ಅಲ್ಲಿಂದ ಹ್ಯಾಚಿನವರೆಗೆ ಕೊಳವೆಯ ಉದ್ದ: ಈ ಮೂರನ್ನು ಅಳೆಯಿರಿ. ಕೊಳವೆ ಒಂದೂವರೆ ಮೀಟರ್ ಮೀರಬಾರದು, ಎರಡನೇ ಕೊಳವೆ ಗಂಟುಹಾಕಿ ಉದ್ದ ಮಾಡಬಾರದು. ಬಿಸಿಗಾಳಿಯ ಕೊಳವೆಯೇ ಕ್ಯಾಬಿನ್ನಿನೊಳಗೆ ನೂರು ವ್ಯಾಟಿನ ಹೀಟರಿನಂತೆ ಕೆಲಸ ಮಾಡುತ್ತದೆ, ಅದಕ್ಕೆ ಫೋಮ್ ಸುತ್ತಿ.

ಬಾಗಿಲ ಹಲಗೆಯ ಬದಲಿಗೆ ಕೂರುವ ಹಲಗೆಯೊಂದನ್ನು 9 ಅಥವಾ 12 ಮಿಮೀ ಮರೈನ್ ಪ್ಲೈವುಡ್ಡಿನಲ್ಲಿ ಕತ್ತರಿಸಿ. ಹಳೆಯ ಹಲಗೆಯನ್ನೇ ಅಚ್ಚಾಗಿಟ್ಟು ಗೀರಿಕೊಳ್ಳಿ. ಕೊಳವೆಯ ಹೊರವ್ಯಾಸಕ್ಕಿಂತ 2 ಮಿಮೀ ದೊಡ್ಡ ತೂತು ಕೊರೆದು, ತೂತಿನ ಅಂಚಿಗೆ ಎಪಾಕ್ಸಿ ಹಚ್ಚಿ, ಸುತ್ತ 10 ಮಿಮೀ ರಬ್ಬರ್ ಫೋಮ್ ಪಟ್ಟಿ ಅಂಟಿಸಿ. ಬಿಸಿಗಾಳಿ ಹೊರಬೀಳುವ ತೂತಿಗೂ ಗಾಳಿ ಎಳೆಯುವ ತೂತಿಗೂ ಕನಿಷ್ಠ ಅರ್ಧ ಮೀಟರ್ ಅಂತರವಿರಲಿ. ಆಗದಿದ್ದರೆ ಹೊರಗಡೆ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ತಿರುಗಿಸಿ. ಇಲ್ಲದಿದ್ದರೆ ಯಂತ್ರ ತನ್ನದೇ ಬಿಸಿಗಾಳಿ ಕುಡಿಯುತ್ತದೆ. ಕಡಲಲ್ಲಿ ಲಂಗರು ಹಾಕಿದ ದೋಣಿ ಗಾಳಿಗೆ ಮೂತಿ ಕೊಟ್ಟು ನಿಲ್ಲುತ್ತದೆ, ಬಿಸಿಗಾಳಿಯನ್ನು ಹಿಂದಕ್ಕೆ ಬಿಟ್ಟರಾಯಿತು. ಹಿನ್ನೀರಿನಲ್ಲಿ ಹಾಗಲ್ಲ, ಅಲ್ಲಿ ದೋಣಿ ನೀರಿನ ಸೆಳೆತಕ್ಕೆ ತಿರುಗುತ್ತದೆ. ಭರತ ಇಳಿತ ಬದಲಾದಾಗ ಚೆನ್ನಾಗಿದ್ದ ಎಸಿ ಸೋತರೆ ಮೊದಲು ಇದನ್ನು ನೋಡಿ.

ಹಲಗೆಗೆ ಚಿಲಕ, ಬೀಗ ಹಾಕಬೇಡಿ. ಒಳಗಿನಿಂದ ಒದ್ದರೆ ಬಿದ್ದುಹೋಗುವಂತಿರಲಿ. ಮೂತಿಯ ಹ್ಯಾಚ್ ಯಾವತ್ತೂ ಒಳಗಿನಿಂದ ತೆರೆಯುವಂತಿರಲಿ.

ನೀರು: ಅಂಗಡಿಯಲ್ಲಿ ‘ತಾನೇ ಆವಿ ಮಾಡಿ ಹೊರಹಾಕುತ್ತದೆ’ ಎನ್ನುತ್ತಾರೆ. ನಮ್ಮ ತೇವದಲ್ಲಿ ಆ ಮಾತು ನಿಲ್ಲುವುದಿಲ್ಲ. ಒಂದು ಕೊಳವೆಯ 1 ಟನ್ ಗಂಟೆಗೆ ಎರಡು ಲೀಟರಿಗೂ ಮೀರಿ ಹಿಂಡಬಹುದು, 5,000 ಬಿಟಿಯುವಿನದು ಮುಕ್ಕಾಲು ಲೀಟರಿನಷ್ಟು. ತಳದ ತಟ್ಟೆ ತುಂಬಿದರೆ ನಡುರಾತ್ರಿ ಯಂತ್ರ ನಿಲ್ಲುತ್ತದೆ, ಇಲ್ಲವೇ ದೋಣಿ ಅಲುಗಿದಾಗ ಚೆಲ್ಲುತ್ತದೆ. ಡ್ರೈನ್ ತೂತಿಗೆ 12 ಮಿಮೀ ಕೊಳವೆ ಹಾಕಿ, ಎಲ್ಲೂ ಏರದಂತೆ ಇಳಿಜಾರಾಗಿ ಬಕೆಟ್ಟಿಗೆ ಬಿಡಿ. ಜಾಗಕ್ಕಾಗಿ ಯಂತ್ರವನ್ನು ನಾಲ್ಕು ಇಂಚು ಎತ್ತರದ ಪೀಠದ ಮೇಲಿಡಬೇಕಾಗುತ್ತದೆ. ಬಿಲ್ಜಿಗೆ ಬಿಡಬೇಡಿ, ಸಿಹಿನೀರು ನಿಂತ ಬಿಲ್ಜು ಉಪ್ಪುನೀರಿನದಕ್ಕಿಂತ ಬೇಗ ಬೂಷ್ಟು ಹಿಡಿಯುತ್ತದೆ, ಮರ ಕೊಳೆಯುತ್ತದೆ.

ಹಾಯಿ ಏರಿಸಿದ ಮೇಲೆ ಎಸಿ ಓಡಿಸುವಂತಿಲ್ಲ. ದೋಣಿ 15–20 ಡಿಗ್ರಿ ವಾಲಿದರೆ ಕಂಪ್ರೆಸರಿನ ಎಣ್ಣೆ ಜಾಗ ಬಿಡುತ್ತದೆ, ಬೇರಿಂಗ್ ಒಣಗಿ ಸವೆಯುತ್ತದೆ. ಹೊರಡುವ ಮುನ್ನ ನೆಲಕ್ಕೆ ಬೋಲ್ಟ್ ಮಾಡಿದ ಎರಡು ಕಣ್ಣುಗಳಿಗೆ 25 ಮಿಮೀ ರಾಚೆಟ್ ಪಟ್ಟಿಯಿಂದ ನೆಟ್ಟಗೆ ಬಿಗಿಯಿರಿ. 30 ಕಿಲೋದ ಪೆಟ್ಟಿಗೆ ಮಗುಚಿದರೆ ಕಾಲು ಮುರಿಯುತ್ತದೆ. ಕಾರಿನಲ್ಲಿ ಮಲಗಿಸಿ ತಂದಿದ್ದರೆ 24 ಗಂಟೆ ನೆಟ್ಟಗಿಟ್ಟ ಮೇಲೆಯೇ ಸ್ವಿಚ್ಚು.

ಓಡಿಸುವ ಕ್ರಮ

ಎಸಿಗಿಂತ ಮೊದಲು ಡೆಕ್ಕಿನ ಮೇಲೆ ನೆರಳು. ಬೂಮಿನ (ಹಾಯಿಯ ಬುಡದ ಅಡ್ಡಕಂಬ) ಮೇಲೆ ಹರಡಿದ ತಿಳಿಬಣ್ಣದ ತಾರ್ಪಾಲು ಮಾಡುವ ಉಪಕಾರವನ್ನು ಇನ್ನೊಂದು ಅರ್ಧ ಟನ್ ಮಾಡಲಾರದು. ಸೂರ್ಯ ಮುಳುಗಿದ ಮೇಲೆ ಎಲ್ಲ ಹ್ಯಾಚ್ ತೆರೆದು ಅರ್ಧ ಗಂಟೆ ಹಗಲಿನ ಬಿಸಿ ಹೋಗಲಿ, ಡೆಕ್ಕಿಗೆ ಏಳೆಂಟು ಬಕೆಟ್ ನೀರು ಸುರಿಯಿರಿ. ಆಮೇಲೆ ಬಿಗಿಯಾಗಿ ಮುಚ್ಚಿ ಶುರು ಮಾಡಿ. 26 ಡಿಗ್ರಿ, ಫ್ಯಾನು ಆಟೋ. 18ಕ್ಕೆ ಇಳಿಸಿದರೆ ಬೇಗ ತಂಪಾಗದು. ಫಿಲ್ಟರ್ ಕೊಳೆಯಾಗಿದ್ದರೆ ಸುರುಳಿಯ ಮೇಲೆ ಐಸು ಕಟ್ಟಿ ಗಾಳಿಯೇ ನಿಲ್ಲುತ್ತದೆ. ಹೊರಗಾಳಿಯ ಇಬ್ಬನಿ ಬಿಂದು 24–25 ಡಿಗ್ರಿಯಲ್ಲಿರುವ ಈ ದಿನಗಳಲ್ಲಿ ಕ್ಯಾಬಿನ್ನನ್ನು 22ಕ್ಕೆ ತಂದರೆ, ಹೊರಗಾಳಿ ಸೋರುವ ಕಪಾಟುಗಳೊಳಗೆ ಬಟ್ಟೆ, ಚಾರ್ಟು, ಅಕ್ಕಿ ಎಲ್ಲ ಬೆವರುತ್ತವೆ.

ಉಪ್ಪುಗಾಳಿ ಕಂಡೆನ್ಸರಿನ ಅಲ್ಯೂಮಿನಿಯಂ ರೆಕ್ಕೆಯನ್ನು ತಾಮ್ರದ ಕೊಳವೆಯ ಬಳಿಯೇ ಮೊದಲು ತಿನ್ನುತ್ತದೆ. ಬಿಳಿ ಪುಡಿ ಕಂಡರೆ ಅದೇ. ನೀಲಿ ಲೇಪನದ ರೆಕ್ಕೆಯದನ್ನೇ ಆರಿಸಿ. ಎರಡು ವಾರಕ್ಕೊಮ್ಮೆ ಫಿಲ್ಟರ್ ಸಿಹಿನೀರಿನಲ್ಲಿ ತೊಳೆಯಿರಿ. ಪ್ಲಗ್ ತೆಗೆದು, ಹಿಂದಿನ ಜಾಲರಿ ಬಿಚ್ಚಿ, ಕಂಡೆನ್ಸರಿಗೆ ತಿಂಗಳಿಗೊಮ್ಮೆ ಕೈಪಂಪಿನಿಂದ ಸಿಹಿನೀರು ಸಿಂಪಡಿಸಿ ಒಣಗಿಸಿ, ಸರ್ಕ್ಯೂಟ್ ಇರುವ ಬದಿಗೆ ನೀರು ತಾಗದಂತೆ.

ಪತ್ತನಾಜೆಯ ಹೊತ್ತಿಗೆ ದೋಣಿಯಿಂದ ಇಳಿಸಿ. ಬರೀ ಫ್ಯಾನಿನಲ್ಲಿ ಮೂರು ನಾಲ್ಕು ಗಂಟೆ ಓಡಿಸಿ ಸುರುಳಿ ಒಣಗಿಸಿ, ತಳದ ಬಿರಡೆ ತೆಗೆದು ಉಳಿದ ನೀರು ಬಸಿಯಿರಿ. ಕೊಳವೆಯ ಬಾಯಿಗೆ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಇಲಿ ಸೇರಿಕೊಳ್ಳುತ್ತದೆ. ಹಲಗೆಯನ್ನು ಅದರ ಫೋಮ್ ಪಟ್ಟಿ ಒತ್ತಿಹೋಗದಂತೆ ಗೋಡೆಗೆ ನೇತುಹಾಕಿ, ಯಂತ್ರವನ್ನು ಒಲೆಯ ಕೋಣೆಯ ಪಕ್ಕದಂಥ ಒಣಜಾಗದಲ್ಲಿ ನೆಟ್ಟಗೆ ನಿಲ್ಲಿಸಿ.